ಭಾವ, ಬಾಸ್ಕೆಟ್‌ಬಾಲು ಮತ್ತು ಪರಶುರಾಂಪುರದ ಬಸ್ಸು

ನಮ್ಮ ಭಾವನಿಗೂ ಬಾಸ್ಕೆಟ್‌ಬಾಲಿಗೂ ಇರುವ ಸಂಬಂಧ ನನಗೂ ವಿಮಾನಕ್ಕೂ ಇರುವಂಥದ್ದೇ. ಇಬ್ಬರೂ ಅವನ್ನು ಕೆಳಗೆ ನಿಂತು ಕತ್ತೆತ್ತಿ ನೋಡಿದವರು. ತಾನು ಐದಡಿಯ ಮೇಲೆ ಎರಡು ಇಂಚು ಇದ್ದೇನೆಂದು ಭಾವ ವಾದಿಸುತ್ತಾರೆ. ಆ ಎರಡು ಇಂಚು ತಲೆಯ ಮೇಲಿನ ಟೋಪಿಯದು ಎಂದು ನಮ್ಮಕ್ಕ ಹೇಳುತ್ತಾಳೆ. ಹುಟ್ಟಿದ್ದು ಮೊಳಕಾಲ್ಮುರಿನ ಮಗ್ಗದ ಮನೆಯಲ್ಲಿ, ಓದುವಾಗ ಆಡಿದ್ದು ಖೋಖೋ, ಹಣೆಯ ತುಂಬ ಮೂರು ಬೆರಳಿನ ವಿಭೂತಿ, ಸಿಟ್ಟು ಬಂದರೆ ಬಾಯಲ್ಲಿ ತೆಲುಗು. ಇಂಥ ಮನುಷ್ಯ ಚಳ್ಳಕೆರೆಯ ಕ್ರೈಸ್ತ ಹೈಸ್ಕೂಲೊಂದರಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಕೋಚು ಎಂದರೆ ನೀವು ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಅದೇ ಶಾಲೆಯಲ್ಲಿ ಕನ್ನಡ ಪಾಠ ಮಾಡುವ ಕೆಲಸ ಸಿಕ್ಕಿ, ಸ್ಟಾಫ್ ರೂಮಿನ ಕಿಟಕಿಯಿಂದ ದಿನಾ ನೋಡುವಂತಾದ ಮೇಲೆ ನಂಬಲೇಬೇಕಾಯಿತು.

ಅವರು ಕೋಚ್ ಆದದ್ದೂ ಒಂದು ಕಥೆಯೇ. ಯಾರೋ ಪುಣ್ಯಾತ್ಮರು ಶಾಲೆಗೆ ಎರಡು ಕಂಬ, ಎರಡು ರಿಂಗು ದಾನ ಕೊಟ್ಟರಂತೆ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಮೇಷ್ಟ್ರುಗಳ ಮೀಟಿಂಗು ಕರೆದು, "ಈ ಆಟವನ್ನು ಮಕ್ಕಳಿಗೆ ಯಾರು ಕಲಿಸುತ್ತೀರಿ?" ಎಂದು ಕೇಳಿದರು. ಎಲ್ಲರೂ ತಲೆ ತಗ್ಗಿಸಿದರು. ಭಾವ ಒಬ್ಬರೇ ತಲೆ ಎತ್ತಿ ಕೂತಿದ್ದರು. ಅವರು ಗೋಡೆಯ ಮೇಲಿನ ಹಲ್ಲಿ ಹುಳ ಹಿಡಿಯುವುದನ್ನು ನೋಡುತ್ತಿದ್ದರು! ಸಿಸ್ಟರ್ ಮಂಗಳೂರಿನ ಕಡೆಯವರು, ತಲೆ ಎತ್ತಿದವರನ್ನು ಧೈರ್ಯವಂತರೆಂದು ನಂಬುವವರು. "ತುಂಬಾ ಸಂತೋಷ ಸರ್," ಎಂದು ಚೆಂಡನ್ನು ಅವರ ಕೈಗೆ ಕೊಟ್ಟೇಬಿಟ್ಟರು. ಹಲ್ಲಿಗೆ ಹುಳ ಸಿಕ್ಕಿತೋ ಇಲ್ಲವೋ ಗೊತ್ತಾಗಲಿಲ್ಲ ಎಂಬುದೊಂದೇ ಭಾವನಿಗೆ ಅವತ್ತಿನ ಕೊರಗು.

ಒಪ್ಪಿಕೊಂಡ ಮೇಲೆ ಸುಮ್ಮನೆ ಕೂರುವ ಜಾತಿಯಲ್ಲ ಅವರದು. ಮೊಬೈಲಿನಲ್ಲಿ ಎಲ್ಲೆಲ್ಲಿಯವೋ ಪಂದ್ಯಗಳನ್ನು ನೋಡಿ ನೋಡಿ ಆಟ ಕಲಿತರು. ಅಕ್ಕನ ಈಳಿಗೆಮಣೆ, ಬುಟ್ಟಿ, ಈರುಳ್ಳಿ ಎಲ್ಲ ನಡುಮನೆಗೆ ಬಂದು ಆಟಗಾರರಾದವು. ಈರುಳ್ಳಿಗಳು ಬುಟ್ಟಿಗೆ ಬೀಳುವುದಕ್ಕಿಂತ ಮಂಚದ ಕೆಳಗೆ ಬಿದ್ದದ್ದೇ ಹೆಚ್ಚು ಎಂದು ಅಕ್ಕ ಹೇಳುತ್ತಾಳೆ.

ಇನ್ನು ತಂಡ ಆರಿಸಬೇಕಲ್ಲ? ಬೇರೆಯವರು ಮಕ್ಕಳನ್ನು ಮೈದಾನದಲ್ಲಿ ಓಡಿಸಿ ನೋಡುತ್ತಾರೆ. ನಮ್ಮ ಭಾವ ಸಂಜೆ ಶಾಲೆ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿಗೆ ಹೋಗಿ ಪರಶುರಾಂಪುರದ ಬಸ್ಸಿನ ಎದುರು ನಿಲ್ಲುತ್ತಿದ್ದರು. ಎರಡು ದಿನ ನೋಡಿದ ಪೊಲೀಸಪ್ಪ ಮೂರನೆಯ ದಿನ, "ಏನ್ರೀ ನಿಮ್ಮ ವ್ಯವಹಾರ?" ಎಂದು ಕೇಳಿಯೇಬಿಟ್ಟ. ಅಂದಿನಿಂದ ಮರ್ಯಾದೆ ಕಾಯಲು ಅಕ್ಕನೂ ತರಕಾರಿ ಚೀಲ ಹಿಡಿದು ಪಕ್ಕದಲ್ಲಿ ಕೂರಬೇಕಾಯಿತು.

"ಅಲ್ರೀ, ಆಟದೋರನ್ನ ಆರ್ಸಾಕೆ ಗ್ರೌಂಡಿಗೆ ಹೋಗೋದು ಬಿಟ್ಟು ಇಲ್ಲಿಗ್ಯಾಕ್ ಬರ್ತೀರಿ?" ಎಂದಳಂತೆ ಅಕ್ಕ.

"ಗ್ರೌಂಡಾಗೆ ನಾನು ನೋಡ್ತೀನಿ ಅಂತ ಓಡ್ತಾರೆ ಕಣೇ. ಇಲ್ಲಿ ಸೀಟಿಗೆ ಅಂತ ಓಡ್ತಾರೆ. ಸುಳ್ಳು ಓಟ ನೋಡಿ ನಾನೇನ್ ಮಾಡ್ಲಿ?"

ನೀವು ಆ ಬಸ್ಸು ಹತ್ತಿದ್ದರೆ ಇದರ ಸತ್ಯ ನಿಮಗೆ ತಿಳಿದೀತು. ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಜನ ಮುತ್ತುತ್ತದೆ. ಗೊಬ್ಬರದ ಚೀಲ, ಕೋಳಿ, ಕಂಬಳಿ ಹೊದ್ದ ಅಜ್ಜಂದಿರು, ಅವರ ನಡುವೆ ಯಾರ ಮೈಗೂ ತಾಗದಂತೆ ನುಸುಳಿ ಒಳಗೆ ಸೇರುವುದೇನು ಸಾಮಾನ್ಯ ವಿದ್ಯೆಯೇ? ಹಾಗೆ ನುಸುಳಿದವರನ್ನೆಲ್ಲ ಭಾವ ತಂಡಕ್ಕೆ ಸೇರಿಸಿಕೊಂಡರು. ಆದರೆ ಒಬ್ಬಳು ಮಾತ್ರ ನುಗ್ಗುತ್ತಲೇ ಇರಲಿಲ್ಲ. ಉದ್ದನೆಯ, ಸಣಕಲು ಹುಡುಗಿ. ಗುಂಪಿನ ಹಿಂದೆ ನಿಂತು, ಕರ್ಚೀಫಿನ ತುದಿಗೆ ಶೇಂಗಾಕಾಯಿ ಗಂಟು ಹಾಕಿ, ಜನರ ತಲೆಯ ಮೇಲಿಂದ ಬೀಸಿ ಎಸೆಯುತ್ತಿದ್ದಳು. ಅದು ಕಿಟಕಿಯ ಸರಳುಗಳ ನಡುವೆ ತೂರಿ, ನೇರವಾಗಿ ಸೀಟಿನ ಮೇಲೆ ಬೀಳುತ್ತಿತ್ತು. ಸೀಟು ಅವಳದು! ಆಮೇಲೆ ನಿಧಾನಕ್ಕೆ ಮಹಾರಾಣಿಯಂತೆ ಹತ್ತುತ್ತಿದ್ದಳು.

"ಅಬ್ಬಾ, ಏಮಿ ವೇಸಿಂದೇ!" ಎಂದು ಭಾವ ಎದ್ದು ನಿಂತರಂತೆ. ಎಂಥಾ ಎಸೆತ ಎಸೆದಳೇ ಎಂದು ಅದರರ್ಥ. ಆ ಹುಡುಗಿಯೇ ತಿಪ್ಪಮ್ಮ, ನನ್ನದೇ ಒಂಬತ್ತನೇ ಕ್ಲಾಸಿನವಳು. ಕನ್ನಡ ಪದ್ಯ ಒಪ್ಪಿಸು ಎಂದರೆ ನೆಲ ನೋಡುವವಳು, ಮುಂದೆ ತಂಡದ ನಾಯಕಿಯಾದಳು.

ಸಂಜೆ ಪ್ರಾಕ್ಟೀಸು ಇಟ್ಟರೆ ಹಳ್ಳಿಯ ಹುಡುಗಿಯರಿಗೆ ಬಸ್ಸು ತಪ್ಪುತ್ತದೆಂದು ಬೆಳಿಗ್ಗೆ ಮೊದಲ ಬಸ್ಸಿಗೆ ಬರಹೇಳಿದರು. ಬೇರೆ ಕೋಚುಗಳು ಮಕ್ಕಳು ಬಂದೊಡನೆ "ಓಡು" ಎನ್ನುತ್ತಾರಂತೆ. ನಮ್ಮ ಭಾವ "ತಿಂದ್ಯಾ?" ಎನ್ನುತ್ತಾರೆ. ಇಲ್ಲವೆಂದರೆ ಕೈಗೆ ಚೆಂಡು ಬರುವುದಿಲ್ಲ, ಬಾಳೆಹಣ್ಣು ಬರುತ್ತದೆ.

ಪ್ರಾಕ್ಟೀಸಿನ ರೀತಿಯಂತೂ ಕೇಳಲೇಬೇಡಿ. ಮಕ್ಕಳು ಚೆಂಡು ಪುಟಿಸುತ್ತಿದ್ದರೆ ಇವರು ಅವರಿಗೆ ಬೆನ್ನು ಹಾಕಿ, ಕಾಂಪೌಂಡಿನ ಗೋಡೆ ನೋಡುತ್ತ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಾನು ಮೊದಲ ಸಲ ನೋಡಿದಾಗ ನಿದ್ದೆ ಮಾಡುತ್ತಿದ್ದಾರೆಂದೇ ತಿಳಿದೆ. ಅಷ್ಟರಲ್ಲಿ, "ಆ ಕಡೆ ತುದಿಯೋಳು ಯಾರವ್ವ? ಎಡಗೈ ಸೋಮಾರಿ ಆಗೈತೆ ನೋಡು," ಎಂದರು. ಹೌದು, ತುದಿಯಲ್ಲಿದ್ದವಳ ಎಡಗೈ ಸೋತಿತ್ತು.

"ಅದೆಂಗ್ ಗೊತ್ತಾಗುತ್ತೆ ಭಾವ?" ಎಂದು ಕೇಳಿದೆ.

"ನಮ್ಮವ್ವ ಒಲೆ ಮುಂದೆ ರೊಟ್ಟಿ ತಟ್ತಾ ಕುಂತಿದ್ರೂ ಮಗ್ಗದ ಸದ್ದು ಕೇಳಿ, ಎಳೆ ಹೋತು ನೋಡ್ರೋ ಅಂತಿದ್ಲು. ಚೆಂಡೂ ಅಷ್ಟೇ ಟೀಚರಮ್ಮ. ಕಣ್ಣಿಂದ ನೋಡಿದ್ರೆ ಮಕ್ಕಳ ಮುಖ ಕಾಣ್ತೈತೆ, ಪಾಪ ಅನ್ನಿಸ್ತೈತೆ. ಕಿವಿಗೆ ಪಾಪ ಗೀಪ ಇಲ್ಲ."

ನಾನು ಅವರನ್ನು ಗೇಲಿ ಮಾಡಲು ಎಷ್ಟು ಸಲ ಬಾಯಿ ತೆರೆದಿದ್ದೇನೋ, ಅಷ್ಟು ಸಲವೂ ಹೀಗೆ ತೆರೆದ ಬಾಯಿ ತೆರೆದೇ ಉಳಿದಿದೆ.

ಪಂದ್ಯಕ್ಕೆ ಮುಂಚೆ ಒಂದು ನಿಮಿಷ ಪ್ರಾರ್ಥನೆ ಮಾಡುವುದು ಶಾಲೆಯ ನಿಯಮ. ಭಾವ ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು, ತಮ್ಮೂರ ಕಡೆಯ ಜಟಿಂಗ ರಾಮೇಶ್ವರನ ಬೆಟ್ಟ ಇರುವ ದಿಕ್ಕಿಗೆ ತಿರುಗಿ, ತೆಲುಗಿನಲ್ಲಿ ಏನೇನೋ ಗುನುಗಿ, ಕೊನೆಗೆ ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಎನ್ನುತ್ತಿದ್ದರು. ಸಿಸ್ಟರ್ ಒಮ್ಮೆ ಕುತೂಹಲದಿಂದ, "ಸರ್, ನೀವು ಏನೆಂದು ಬೇಡಿಕೊಳ್ಳುತ್ತೀರಿ?" ಎಂದರು.

"ಯಾರ ಕಾಲೂ ಉಳುಕದೆ ಇರ್ಲಿ ಅಂತ, ಸಿಸ್ಟರ್."

"ಗೆಲ್ಲಬೇಕು ಅಂತ ಇಲ್ಲವೇ?"

"ಅದನ್ನ ಆ ಕಡೆ ಟೀಮಿನೋರೂ ಕೇಳಿರ್ತಾರಲ್ಲ. ದೇವ್ರಿಗ್ಯಾಕ್ ತೊಂದ್ರೆ?"

ಆದರೆ ಕಳೆದ ವರ್ಷ ಗೆಲ್ಲಲೇಬೇಕಾದ ಪರಿಸ್ಥಿತಿ ಬಂತು. ಶಾಲೆಗೆ ಹೊಸ ಬಸ್ಸುಗಳು ಬರುವುದಿದ್ದವು. ಅವುಗಳನ್ನು ನಿಲ್ಲಿಸಲು ಜಾಗ ಬೇಕು. ಆಡಳಿತ ನೋಡಿಕೊಳ್ಳುವ ಫಾದರ್ ಮೈದಾನವನ್ನೆಲ್ಲ ಸುತ್ತಿ ಬಂದು ಬಾಸ್ಕೆಟ್‌ಬಾಲ್ ಕೋರ್ಟಿನ ಮೇಲೆ ನಿಂತರು. "ಸರ್, ಇದುವರೆಗೆ ನಿಮ್ಮ ತಂಡ ಒಮ್ಮೆಯೂ ಜಿಲ್ಲಾ ಮಟ್ಟಕ್ಕೆ ಹೋಗಿಲ್ಲ. ಈ ಸಲ ಹೋದರೆ ಕೋರ್ಟು ಉಳಿಯುತ್ತದೆ. ಇಲ್ಲದಿದ್ದರೆ ಬಸ್ಸು ನಿಲ್ಲುತ್ತದೆ," ಎಂದು ಸಮಾಧಾನವಾಗಿಯೇ ಹೇಳಿದರು. ಭಾವ ಅವತ್ತು ಮನೆಗೆ ಬಂದು ಊಟದ ತಟ್ಟೆಯ ಮುಂದೆ ಕೂತು, ಅನ್ನಕ್ಕೆ ಸಾರಿನ ಬದಲು ಕುಡಿಯುವ ನೀರು ಕಲಸಿಕೊಂಡರಂತೆ.

ಜಿಲ್ಲೆಗೆ ಹೋಗಬೇಕಾದರೆ ಒಂದೇ ಪಂದ್ಯ ಗೆದ್ದರೆ ಸಾಕಿತ್ತು. ನಮ್ಮ ತಾಲ್ಲೂಕು, ಮೊಳಕಾಲ್ಮುರು ತಾಲ್ಲೂಕು ಎರಡನ್ನೂ ಸೇರಿಸಿ ಜರಡಿ ಹಿಡಿದರೂ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಇದ್ದದ್ದು ಎರಡೇ. ನಮ್ಮದೊಂದು, ಮೊಳಕಾಲ್ಮುರಿನ ಹೈಸ್ಕೂಲೊಂದರದು ಇನ್ನೊಂದು. ಪಂದ್ಯ ನಮ್ಮ ಕೋರ್ಟಿನಲ್ಲೇ ಎಂದಾಯಿತು.

ಆ ತಂಡ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಿಳಿಯಿತು. ಸಿಸ್ಟರ್ ಶಾಲೆಯ ಬಾಗಿಲ ಬಳಿಯ ಕಪ್ಪು ಹಲಗೆಯಲ್ಲಿ ವಾರಕ್ಕೊಂದು ನೀತಿಮಾತು ಬರೆಸುತ್ತಾರೆ. ಆ ವಾರದ್ದು ಎದುರಾಳಿಯನ್ನೂ ಪ್ರೀತಿಯಿಂದ ಕಾಣಬೇಕೆಂಬ ಅರ್ಥದ್ದು. ಭಾವ ಅದನ್ನು ಮನಸ್ಸಿಗೆ ತೆಗೆದುಕೊಂಡರೆಂದೇ ನಾವೆಲ್ಲ ತಿಳಿದೆವು. ಏಕೆಂದರೆ ಆ ಹುಡುಗಿಯರನ್ನು ಕಂಡೊಡನೆ ಮನೆಗೆ ಫೋನು ಹೋಯಿತು, ಮನೆಯಿಂದ ಅಕ್ಕ ಬಂದಳು. ಅಕ್ಕನ ಹಿಂದೆ ಒಂದು ದೊಡ್ಡ ಪಾತ್ರೆ ಮಂಡಕ್ಕಿ ಒಗ್ಗರಣೆ, ಒಂದು ಬುಟ್ಟಿ ಬಿಸಿ ಬಿಸಿ ಮಿರ್ಚಿ ಬಜ್ಜಿ ಬಂದವು! ನಮ್ಮಕ್ಕನ ಮಿರ್ಚಿಯನ್ನು ಒಂದಕ್ಕೆ ನಿಲ್ಲಿಸಿದವರನ್ನು ನಾನಿನ್ನೂ ನೋಡಿಲ್ಲ. ಆ ತಂಡದ ಟೀಚರು ಹೊಸದಾಗಿ ಕೆಲಸಕ್ಕೆ ಸೇರಿದ ಚಿಕ್ಕ ವಯಸ್ಸಿನವಳು. "ಸಾರ್, ಮ್ಯಾಚ್ ಐತಲ್ಲ ಸಾರ್, ಸಾಕು," ಎಂದು ಹೆದರುತ್ತ ಹೇಳಿದಳು.

"ತಿನ್ಲಿ ಬಿಡಮ್ಮ. ನಮ್ಮೂರ ಮಕ್ಕಳು," ಎಂದರು ಭಾವ.

ನಮ್ಮ ಹುಡುಗಿಯರು ಬಾಳೆಹಣ್ಣು ತಿಂದು ಹಗುರಾಗಿದ್ದರು. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಮೊಳಕಾಲ್ಮುರಿನ ಒಬ್ಬಳು ಪಕ್ಕೆ ಹಿಡಿದು ನಿಂತಳು. ಇನ್ನೊಬ್ಬಳು ಚೆಂಡು ಎಸೆಯಬೇಕೆನ್ನುವಾಗ ಬಿಕ್ಕಳಿಕೆ ಬಂದು ಚೆಂಡು ಚರ್ಚಿನ ಕಡೆ ಹೋಯಿತು. ಮತ್ತೊಬ್ಬಳು ನೀರಿನ ನಲ್ಲಿ ಬಿಟ್ಟು ಬರಲೇ ಇಲ್ಲ. ನಾವು ಗೆದ್ದೆವು ಎನ್ನುವುದಕ್ಕಿಂತ ಅವರು ಕೂತರು ಎನ್ನುವುದೇ ಸರಿ. ಫಾದರ್ ಓಡಿ ಬಂದು ಭಾವನ ಕೈ ಕುಲುಕಿದರು. ತಿಪ್ಪಮ್ಮ ಗೆದ್ದ ಕಪ್ಪನ್ನು ತಲೆಯ ಮೇಲೆ ಹೊತ್ತು ಕೋರ್ಟಿನ ಸುತ್ತ ಓಡಿದಳು. ಕೋರ್ಟು ಉಳಿಯಿತು!

ಸಂಜೆ ಭಾವ ಕಪ್ಪನ್ನು ಎದುರಿಗಿಟ್ಟುಕೊಂಡು ಕೂತಿದ್ದರು.

"ಏನಾತ್ರೀ?" ಎಂದಳು ಅಕ್ಕ.

"ನಾವು ಗೆದ್ದಿಲ್ಲ ಕಣೇ. ನಿನ್ನ ಮಿರ್ಚಿ ಗೆದ್ದೈತೆ."

"ಹಂಗಾದ್ರೆ ಕಪ್ಪು ನಂದಾತು. ಕೊಡ್ರಿ, ಅಡಿಗಿಮನ್ಯಾಗೆ ಇಡ್ತೀನಿ," ಎಂದಳು ಅಕ್ಕ. ಭಾವ ನಗಲಿಲ್ಲ.

ಮರುದಿನ ಕಪ್ಪನ್ನು ಚೀಲಕ್ಕೆ ಹಾಕಿಕೊಂಡು ಕ್ರೀಡೆಯ ಉಸ್ತುವಾರಿ ಸಾಹೇಬರ ಆಫೀಸಿಗೆ ಹೋಗಿ ಮೇಜಿನ ಮೇಲಿಟ್ಟರು. ಪಂದ್ಯ ಮತ್ತೆ ಆಡಿಸಬೇಕೆಂದರು. ಸಾಹೇಬರು ಕನ್ನಡಕ ತೆಗೆದು ಇವರನ್ನೇ ನೋಡಿದರಂತೆ. "ಅಲ್ರೀ ಮೇಷ್ಟ್ರೇ, ಮಿರ್ಚಿ ತಿಂದ್ ಸೋತರೆ ಮತ್ತೆ ಆಡಿಸ್ಬೇಕು ಅಂತ ಯಾವ ರೂಲಿನಾಗೆ ಐತ್ರೀ?" ಎಂದರಂತೆ. ಭಾವ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಸಾಹೇಬರಿಗೇ ಹಸಿವಾಗಿ, ಊಟಕ್ಕೆ ಹೋಗಬೇಕಾಗಿ, ಮುಂದಿನ ವಾರ ಮೊಳಕಾಲ್ಮುರಿನಲ್ಲಿ ಇನ್ನೊಂದು ಪಂದ್ಯ ಎಂದು ಒಪ್ಪಿದರು.

ಸ್ಟಾಫ್ ರೂಮಿನಲ್ಲಿ ಇವರಿಗೆ ತಲೆ ಕೆಟ್ಟಿದೆ ಎಂದು ಒಮ್ಮತದ ತೀರ್ಮಾನವಾಯಿತು. ನನ್ನ ಮತವೂ ಅದರಲ್ಲಿತ್ತು. ಸಿಸ್ಟರ್ ಮಾತ್ರ ಕಣ್ಣು ಒದ್ದೆ ಮಾಡಿಕೊಂಡು, "ಸರ್, ನಾನು ಹಲಗೆಯ ಮೇಲೆ ಬರೆಸಿದ್ದನ್ನು ಇಷ್ಟು ಗಂಭೀರವಾಗಿ ಯಾರೂ ಪಾಲಿಸಿರಲಿಲ್ಲ," ಎಂದರು.

"ಏನ್ ಬರ್ಸಿದ್ರಿ ಸಿಸ್ಟರ್?" ಎಂದರು ಭಾವ. ಅವರು ಅದನ್ನು ಓದಿಯೇ ಇರಲಿಲ್ಲ!

ಎಲ್ಲಕ್ಕಿಂತ ಕಷ್ಟವಾದದ್ದು ತಿಪ್ಪಮ್ಮನ ಎದುರು ನಿಲ್ಲುವುದು. ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಚೆಂಡು ಕಂಕುಳಲ್ಲಿಟ್ಟುಕೊಂಡು ಬಂದು, "ನಾವೇನ್ ಬೇಕಂತ ಮಾಡಿದ್ವಾ ಸಾರ್?" ಎಂದಳು.

"ಇಲ್ಲವ್ವ."

"ಮತ್ತೆ ಯಾಕ್ ವಾಪಸ್ ಕೊಟ್ರಿ? ಕೋರ್ಟು ಹೋದ್ರೆ ನಾನು ಎಲ್ಲಿ ಆಡ್ಲಿ?"

"ನೀನು ಚೆನ್ನಾಗಿ ಆಡ್ತೀಯಾ ಅಂತ ನಂಗೆ ಗೊತ್ತೈತೆ. ಆ ಕಪ್ಪಿಗೆ ಗೊತ್ತಿರ್ಲಿಲ್ಲ. ಅದಕ್ಕೇ ಕೊಟ್ಟೆ."

ಅವಳು ಒಪ್ಪಿದಳೋ ಇಲ್ಲವೋ, ಚೆಂಡನ್ನು ನೆಲಕ್ಕೆ ಬಡಿದುಕೊಂಡು ಓಡಿದಳು.

ಮೊಳಕಾಲ್ಮುರಿಗೆ ನಾನೂ ಜೊತೆಗೆ ಹೋದೆ. ಬಸ್ಸಿನಿಂದ ಇಳಿದರೆ ಏನು ನೋಡುವುದು? ಭಾವನ ಕೇರಿಯ ಹೆಂಗಸರೆಲ್ಲ ಕೋರ್ಟಿನ ಪಕ್ಕ ಸಾಲಾಗಿ ನಿಂತಿದ್ದಾರೆ, ಕೈಯಲ್ಲಿ ಉಗ್ಗಾಣಿಯ ತಟ್ಟೆಗಳು. ನಮ್ಮ ಮಂಡಕ್ಕಿ ಒಗ್ಗರಣೆಯೇ ಆ ಕಡೆ ಹೋದರೆ ಉಗ್ಗಾಣಿಯಾಗುತ್ತದೆ. ತಟ್ಟೆಯ ಮೇಲೆ ಮಿರ್ಚಿಗಳು ಬೇರೆ. ನಮ್ಮ ಮಕ್ಕಳಿಗೆ ನೀವು ಹಾಕಿದಿರಿ, ನಿಮ್ಮ ಮಕ್ಕಳಿಗೆ ನಾವು ಹಾಕಬೇಡವೇ ಎಂಬ ಶುದ್ಧ ಉಪಚಾರ! ಕೊಟ್ಟ ತಟ್ಟೆಯನ್ನು ಬೇಡ ಎನ್ನುವುದು ನಮ್ಮ ಸೀಮೆಯಲ್ಲಿ ಜಗಳಕ್ಕೆ ಕರೆದ ಹಾಗೆ. ಭಾವ ಬೆವೆತರು. ಆಮೇಲೆ ಜೀವಮಾನದಲ್ಲೇ ಹೇಳದ ಒಂದು ಸುಳ್ಳು ಹೇಳಿದರು.

"ಅತ್ತೇ, ಈ ಮಕ್ಕಳಿಗೆ ಇವತ್ತು ಉಪವಾಸ. ಕ್ರಿಶ್ಚಿಯನ್ ಸ್ಕೂಲಲ್ವಾ?"

"ಮತ್ತೆ ಆ ಹುಡುಗಿ ಬಾಳೆಹಣ್ಣು ತಿಂತಾ ಐತಲ್ಲಪ್ಪ," ಎಂದಿತು ಒಂದು ಅಜ್ಜಿ.

"ಹಣ್ಣು ನಡೀತೈತೆ. ಅವ್ರ ಪಾಲಿಂದು ನಂಗೆ ಕೊಡ್ರಿ."

ಕೊಟ್ಟರು. ಇಡೀ ತಂಡದ ಪಾಲನ್ನು ಭಾವ ಒಬ್ಬರೇ ಕೂತು ತಿಂದರು! ಒಂದೊಂದು ತಟ್ಟೆ ಮುಗಿದಾಗಲೂ ಹುಡುಗಿಯರು ಅವರನ್ನು ದೇವರನ್ನು ನೋಡುವ ಹಾಗೆ ನೋಡುತ್ತಿದ್ದರು. ಕೊನೆಯ ಮಿರ್ಚಿ ಇಳಿಯುವ ಹೊತ್ತಿಗೆ ವಿಭೂತಿ ಬೆವರಿನಲ್ಲಿ ಕರಗಿ ಮೂಗಿನ ತನಕ ಬಂದಿತ್ತು.

ಪಂದ್ಯ ಶುರುವಾಯಿತು. ಭಾವ ಆವೇಶದಲ್ಲಿ ತೆಲುಗಿನಲ್ಲಿ ಕೂಗುವ ಸೂಚನೆಗಳೇ ನಮ್ಮ ತಂಡದ ಗುಟ್ಟು. ನಮ್ಮ ಹುಡುಗಿಯರಿಗೆ ರೂಢಿ, ಎದುರಿನವರಿಗೆ ತಿಳಿಯದು ಎಂಬುದು ಅವರ ಲೆಕ್ಕ. "ಎಡಮ ವೈಪು," ಎಂದು ಕೂಗಿದರು. ನಮ್ಮವರು ಎಡಕ್ಕೆ ತಿರುಗುವ ಮೊದಲೇ ಮೊಳಕಾಲ್ಮುರಿನ ಐದೂ ಹುಡುಗಿಯರು ಎಡಕ್ಕೆ ಓಡಿ ನಿಂತಿದ್ದರು. ಆ ಊರಿನಲ್ಲಿ ತೆಲುಗು ಬಾರದ ನಾಯಿಯೂ ಇಲ್ಲ ಎಂಬುದು ಅಲ್ಲೇ ಹುಟ್ಟಿದ ಮನುಷ್ಯನಿಗೆ ಮರೆತು ಹೋಗಿತ್ತು!

ಭಾವ ಬಾಯಿ ಮುಚ್ಚಿದರು. ಹೊಟ್ಟೆಯ ಭಾರಕ್ಕೆ ನಿಲ್ಲಲೂ ಆಗದೆ, ಕೋರ್ಟಿಗೆ ಬೆನ್ನು ಹಾಕಿ, ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತುಬಿಟ್ಟರು. ಅಲ್ಲಿಂದ ಮುಂದೆ ನಮ್ಮ ಹುಡುಗಿಯರಿಗೆ ಹೇಳುವವರು ಯಾರೂ ಇರಲಿಲ್ಲ. ಅವರು ಆಡಿದ್ದನ್ನು ನಾನು ಹೇಗೆ ಹೇಳಲಿ? ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಮುದುಡಿ ಕೂರುವ ಅವೇ ಮಕ್ಕಳು, ಒಬ್ಬರ ಮುಖ ಒಬ್ಬರು ನೋಡದೆ, ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ತಿಳಿದವರಂತೆ ಓಡುತ್ತಿದ್ದರು. ಮಗ್ಗದ ಲಾಳಿಯ ಹಾಗೆ ಚೆಂಡು ಈ ಕೈಯಿಂದ ಆ ಕೈಗೆ ಹೋಗಿ ಬರುತ್ತಿತ್ತು. ಎದುರಿನವರೂ ಅಷ್ಟೇ ಚೆನ್ನಾಗಿ ಆಡಿದರು. ನೋಡುತ್ತಿದ್ದ ಅಜ್ಜಿಯರು ಖಾಲಿ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಿದ್ದರು.

ಒಂದು ಪಾಯಿಂಟಿನಿಂದ ಹಿಂದಿದ್ದೆವು. ಇನ್ನೇನು ಸೀಟಿ ಊದಬೇಕು, ಆಗ ತಿಪ್ಪಮ್ಮನ ಕೈಗೆ ಚೆಂಡು ಬಂತು. ಎಸೆದಳು. ಚೆಂಡು ರಿಂಗಿನ ಮೇಲೆ ಒಂದು ಸುತ್ತು ಸುತ್ತಿತು. ಜನವೆಲ್ಲ ಉಸಿರು ಹಿಡಿದಿತ್ತು. ಬೆನ್ನು ಹಾಕಿ ಕೂತಿದ್ದ ಭಾವ ನನಗೊಬ್ಬಳಿಗೇ ಕೇಳುವಂತೆ, "ಹೊರಗೆ ಬಿತ್ತು," ಎಂದರು. ಚೆಂಡು ಹೊರಗೆ ಬಿತ್ತು. "ಕೈ ಸರಿಯಾಗೇ ಇತ್ತು," ಎಂದರು ಆಮೇಲೆ.

ಅಳುತ್ತಿದ್ದ ಹುಡುಗಿಯರನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆವು. ಅವತ್ತು ಸಂತೆ. ಚಳ್ಳಕೆರೆಯ ಬಸ್ಸಿನ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ನಿಂತುಕೊಂಡೇ ಹೋಗಬೇಕೆಂದು ನಾನು ಗೊಣಗುತ್ತಿದ್ದೆ. ಹೇಗೋ ಒಳಗೆ ತೂರಿ ನೋಡಿದರೆ ನಮಗೆಲ್ಲ ಆಗುವಷ್ಟು ಸೀಟುಗಳು ಖಾಲಿ. ಒಂದೊಂದರ ಮೇಲೂ ಒಂದೊಂದು ಕರ್ಚೀಫು. ಮೊಳಕಾಲ್ಮುರಿನ ಹುಡುಗಿಯರು ನಮಗಿಂತ ಮುಂಚೆ ಓಡಿ ಬಂದು ಕಿಟಕಿಯಿಂದ ಹಾಕಿ ಸೀಟು ಹಿಡಿದಿದ್ದರು.

ಅವರ ನಾಯಕಿ ಕಿಟಕಿಯ ಹೊರಗೆ ನಿಂತು, "ಸಾರ್, ಡ್ರೈವರ್ ಹಿಂದಿನ ಸೀಟು ನಿಮ್ದು. ಅದು ಕುಲುಕಲ್ಲ, ಹೊಟ್ಟೆಗೆ ಆರಾಮಾಗ್ತೈತೆ," ಎಂದಳು. ಬಸ್ಸು ಹೊರಟಿತು. ಕರ್ಚೀಫುಗಳು ನಮ್ಮಲ್ಲೇ ಉಳಿದವು.

ದಾರಿಯಲ್ಲಿ ನಾನು ಕೇಳಿದೆ, "ಭಾವ, ನೀವು ಹಲಗೆ ಓದಿರ್ಲಿಲ್ಲ. ಮತ್ತೆ ಅವತ್ತು ಅವ್ರಿಗೆ ಯಾಕ್ ತಿನ್ನಾಕ್ ಕೊಟ್ರಿ?"

"ಮೊದಲ್ನೇ ಬಸ್ಸಿಗೆ ಬಂದಿದ್ರಲ್ಲ. ಆ ಹೊತ್ತಿಗೆ ನಮ್ಮ ಕೇರ್ಯಾಗೆ ಒಲೆ ಹಚ್ಚಿರಲ್ಲ. ನಾನೂ ಒಂದ್ಸಲ ಹಂಗೇ ಬಂದು ಚಳ್ಳಕೆರೆ ಗ್ರೌಂಡಾಗೆ ಓಡಿದ್ದೆ. ಕಣ್ಣು ಕತ್ತಲೆ ಬಂದು ಬಿದ್ದೆ. ಗೆದ್ದ ಹುಡುಗ ಬಂದು ಕೈ ಕೊಟ್ಟು ಎಬ್ಸಿದ. ಅವನ ಕೈಯಾಗೆ ಬೆಣ್ಣೆ ದೋಸೆ ವಾಸನೆ ಇತ್ತು ಕಣಮ್ಮ. ಸೋತಿದ್ದು ಮರ್ತೀನಿ. ಆ ವಾಸನೆ ಮರೆಯಾಕೆ ಆಗಿಲ್ಲ."

ನಾನು ನನ್ನ ಸೀಟಿನ ಮೇಲಿದ್ದ ಕರ್ಚೀಫನ್ನು ಮಡಿಸಿ ಚೀಲದಲ್ಲಿಟ್ಟುಕೊಂಡೆ.

ಕೋರ್ಟಿನ ಗತಿ ಏನಾಯಿತು ಎನ್ನುತ್ತೀರಾ? ಫಾದರ್ ತಮ್ಮ ಮಾತು ಬಿಡಲಿಲ್ಲ, ಸಿಸ್ಟರ್ ಕೋರ್ಟು ಉಳಿಯಲೇಬೇಕೆಂಬ ಹಟ ಬಿಡಲಿಲ್ಲ. ಕೊನೆಗೆ ಅರ್ಧ ಕೋರ್ಟಿನಲ್ಲಿ ಬಸ್ಸು ನಿಂತಿತು, ಅರ್ಧ ಉಳಿಯಿತು. ಒಂದು ರಿಂಗಿನ ಕೆಳಗೆ ಈಗ ಹಳದಿ ಬಸ್ಸು ನಿಂತಿರುತ್ತದೆ, ಇನ್ನೊಂದರ ಕೆಳಗೆ ನಮ್ಮ ಹುಡುಗಿಯರು. "ಅರ್ಧ ಸಾಕು ಸಿಸ್ಟರ್, ಒಂದ್ಸಲಕ್ಕೆ ಒಂದು ರಿಂಗಿಗೇ ತಾನೇ ಹಾಕೋದು," ಎಂದರು ಭಾವ.

ಮೊಳಕಾಲ್ಮುರಿನ ತಂಡ ಚಿತ್ರದುರ್ಗಕ್ಕೆ ಜಿಲ್ಲಾ ಪಂದ್ಯಕ್ಕೆ ಹೋಗುವ ದಿನ ಬಂತು. ಅವರ ಬಸ್ಸು ನಮ್ಮೂರ ಮೇಲೆಯೇ ಹೋಗಬೇಕು. ಬೆಳಗಾಗುತ್ತಲೇ ಭಾವ, ಅಕ್ಕ, ತಿಪ್ಪಮ್ಮ, ನಾನು ರಸ್ತೆಯ ಪಕ್ಕ ನಿಂತಿದ್ದೆವು. ಅಕ್ಕ ಆ ಕರ್ಚೀಫುಗಳನ್ನೆಲ್ಲ ಒಗೆದು, ಇಸ್ತ್ರಿ ಮಾಡಿ, ಒಂದೊಂದರಲ್ಲೂ ಶೇಂಗಾ ಉಂಡೆ ಇಟ್ಟು ಗಂಟು ಕಟ್ಟಿದ್ದಳು. ಮಿರ್ಚಿ ಮಾಡಲು ಹೊರಟವಳಿಗೆ ಭಾವ ಕೈ ಮುಗಿದಿದ್ದರು.

ಬಸ್ಸು ಬಂತು. ಕಿಕ್ಕಿರಿದಿತ್ತು. ಬಾಗಿಲಿಗೆ ಹೋಗಲು ಸಾಧ್ಯವೇ ಇರಲಿಲ್ಲ. ಕಿಟಕಿಗಳಲ್ಲಿ ಆ ಹುಡುಗಿಯರ ಮುಖಗಳು ಕಂಡವು. ಭಾವ ಚೀಲವನ್ನು ತಿಪ್ಪಮ್ಮನ ಮುಂದೆ ಹಿಡಿದರು. ಅವಳು ಅವರ ಮುಖವನ್ನೊಮ್ಮೆ ನೋಡಿದಳು. ತನ್ನ ಕೋರ್ಟಿನ ಅರ್ಧ ಯಾರಿಂದ ಹೋಯಿತೋ ಅವರಿಗೇ ಎಸೆಯಬೇಕಿತ್ತು. ಒಂದು ಗಂಟು ತೆಗೆದುಕೊಂಡಳು, ಬೀಸಿದಳು. ಅದು ಸರಳುಗಳ ನಡುವೆ ತೂರಿ ಒಬ್ಬಳ ಮಡಿಲಿಗೆ ಬಿತ್ತು. ಇನ್ನೊಂದು, ಮತ್ತೊಂದು, ಒಂದೂ ತಪ್ಪಲಿಲ್ಲ.

ಕೊನೆಯದು ಹಿಂದಿನ ಕಿಟಕಿಯಲ್ಲಿದ್ದ ಅವರ ನಾಯಕಿಯದು. ಅಷ್ಟರಲ್ಲಿ ಬಸ್ಸು ಹೊರಟಿತು. ತಿಪ್ಪಮ್ಮ ಜೊತೆಗೆ ಓಡಿದಳು. ಭಾವ ಥಟ್ಟನೆ ಬಸ್ಸಿಗೆ ಬೆನ್ನು ಹಾಕಿ, ಅಂಗಡಿಯೊಂದರ ಮುಚ್ಚಿದ ಬಾಗಿಲ ಕಡೆ ತಿರುಗಿ, ಕಣ್ಣು ಮುಚ್ಚಿ ನಿಂತರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಒಳಗೆ ಬಿತ್ತು," ಎಂದರು.